ಎರಡೂವರೆ ಅಂಗುಲದ ಲೆಕ್ಕ

ಅಮೆರಿಕದ ಕೊಲೊರಾಡೊ ರಾಜ್ಯದ ನೈಋತ್ಯ ಭಾಗದಲ್ಲಿರುವ ಸಾನ್ ಹುವಾನ್ ಪರ್ವತಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಳ್ಳಿ ಮತ್ತು ಚಿನ್ನದ ಅದಿರನ್ನು ಹೇಸರಗತ್ತೆಗಳ ಮೇಲೆ, ಗಾಡಿಗಳಲ್ಲಿ ಇಳಿಸುವುದಕ್ಕೆಂದು ಕಡಿದ ದಾರಿಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳ ಪೈಕಿ ಯೂರೇ ಮತ್ತು ಟೆಲ್ಯುರೈಡ್ ಎಂಬ ಎರಡು ಊರುಗಳನ್ನು ಕೂಡಿಸುವ ಇಮೋಜಿನ್ ಪಾಸ್ (ಬೆಟ್ಟಸಾಲನ್ನು ದಾಟುವ ಘಟ್ಟ) 13,114 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತಲೂ ತುಸು ಹೆಚ್ಚು. ಡೆನ್ವರ್ ಬಳಿ ನೆಲೆಸಿದ ಮೊದಲ ವರ್ಷಗಳಲ್ಲಿ ಅದರ ಚಿತ್ರಗಳನ್ನಷ್ಟೇ ನೋಡುತ್ತಿದ್ದ ನನಗೆ, ಆ ದಾರಿಯನ್ನು ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ನೋಡುವುದಕ್ಕಿಂತ, ಅದಕ್ಕೆ ತಕ್ಕಂತೆ ಒಂದು ವಾಹನವನ್ನು ಕೈಯಾರೆ ಸಿದ್ಧಪಡಿಸಿಕೊಂಡು ಹತ್ತಬೇಕೆಂಬ ಆಸೆ ಬಲವಾಗಿತ್ತು. ಹಳೆಯದೊಂದು 2014ರ ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಅನ್ನು, ಆರು ಗಿಯರಿನ ಮ್ಯಾನುಯಲ್ ಪೆಟ್ಟಿಗೆ ಇದ್ದದ್ದನ್ನೇ ಹುಡುಕಿ ಕೊಂಡದ್ದು ಈ ಉದ್ದೇಶದಿಂದಲೇ.

ರೂಬಿಕಾನ್ ಮಾದರಿಗೆ ಕಾರ್ಖಾನೆಯಿಂದಲೇ, ಎಂಜಿನ್ನಿನ ಶಕ್ತಿಯನ್ನು ಎಡಬಲ ಚಕ್ರಗಳಿಗೆ ಹಂಚುವ ಹಿಂದಿನ ಮುಂದಿನ ಎರಡೂ ಡಿಫರೆನ್ಷಿಯಲ್‌ಗಳಿಗೆ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟುವ ಸಾಧನ), ಗುಂಡಿ ಒತ್ತಿದರೆ ಬೇರ್ಪಡುವ ಮುಂದಿನ ಸ್ವೇ ಬಾರ್ (ಗಾಡಿ ಪಕ್ಕಕ್ಕೆ ವಾಲದಂತೆ ಹಿಡಿಯುವ ಸರಳು), ವೇಗವನ್ನು ನಾಲ್ಕನೇ ಒಂದಕ್ಕೆ ಇಳಿಸುವ ಲೋ ರೇಂಜ್ ಬಂದಿರುತ್ತವೆ. ಹೀಗಿರುವಾಗ ಅದನ್ನು ಎತ್ತರಿಸುವ ಅಗತ್ಯವಾದರೂ ಏನು ಎಂದು ಅನೇಕರು ಕೇಳಿದರು, ಪ್ರಶ್ನೆ ನ್ಯಾಯವಾದದ್ದೇ. ಸಾನ್ ಹುವಾನ್‌ನ ಬಹುಪಾಲು ದಾರಿಗಳನ್ನು ಏನೂ ಬದಲಿಸದ ರೂಬಿಕಾನ್ ಸುಲಭವಾಗಿ ಹತ್ತುತ್ತದೆ. ಆದರೆ ನಾಲ್ಕು ಬಾಗಿಲಿನ ಗಾಡಿಯ ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವಿನ ಅಂತರ 116 ಅಂಗುಲ. ಇಮೋಜಿನ್ ದಾರಿಯ ಮೇಲ್ಭಾಗದಲ್ಲಿ ಮೆಟ್ಟಿಲಿನಂತೆ ಎದ್ದು ನಿಂತ ಬಂಡೆಗಳನ್ನು ಏರುವಾಗ ಮುಂಚಕ್ರ ಮೇಲೆ ಹೋಗಿ, ಹಿಂಚಕ್ರ ಇನ್ನೂ ಕೆಳಗಿರುವ ಹೊತ್ತಿನಲ್ಲಿ ಹೊಟ್ಟೆಯ ಭಾಗವೇ ಕಲ್ಲಿಗೆ ತಾಗುತ್ತದೆ. ನಾನು ಎತ್ತರಿಸಲು ಹೊರಟದ್ದು ಆ ಹೊಟ್ಟೆಯ ಸಲುವಾಗಿ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಗಾಡಿಯನ್ನು ಎತ್ತರಿಸುವ ಬಿಡಿಭಾಗಗಳ ಕಟ್ಟಾದ ಲಿಫ್ಟ್ ಕಿಟ್ ಎತ್ತುವುದು ಚಾಸಿಯನ್ನು, ಎಂದರೆ ಗಾಡಿಯ ಉಕ್ಕಿನ ಚೌಕಟ್ಟನ್ನು, ಮತ್ತು ಬಾಡಿಯನ್ನು. ಎಡಬಲ ಚಕ್ರಗಳನ್ನು ಹೊತ್ತ ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್ಲಿನ ನಡುವೆ ಗುಂಡಗೆ ಜೋತುಬಿದ್ದಿರುವ ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ನೆಲದಿಂದ ಮೇಲೆತ್ತುವುದು ದೊಡ್ಡ ಟೈರ್ ಮಾತ್ರ, ಅದೂ ಟೈರಿನ ವ್ಯಾಸದಲ್ಲಿ ಹೆಚ್ಚಾದ ಅಳತೆಯ ಅರ್ಧದಷ್ಟು. ಮೂಲದ 255/75ಆರ್17 ಟೈರಿನ ವ್ಯಾಸ ಸುಮಾರು 32 ಅಂಗುಲ. ನಾನು ಆರಿಸಿದ 315/70ಆರ್17 ಮಾರುಕಟ್ಟೆಯಲ್ಲಿ 35 ಎಂದು ಕರೆಯಿಸಿಕೊಂಡರೂ ಲೆಕ್ಕದ ಪ್ರಕಾರ 34.4 ಅಂಗುಲದ್ದು, ಹೀಗಾಗಿ ಡಿಫರೆನ್ಷಿಯಲ್ಲಿಗೆ ದಕ್ಕಿದ್ದು ಒಂದಂಗುಲಕ್ಕಿಂತ ಸ್ವಲ್ಪ ಹೆಚ್ಚು. ಆ ಟೈರು ಚಕ್ರದ ಗೂಡಿನಲ್ಲಿ ಉಜ್ಜದೆ ಮೇಲೆ ಕೆಳಗೆ ಆಡುವಷ್ಟು ಜಾಗ ಮಾಡಿಕೊಡಲು ಎಷ್ಟು ಬೇಕೋ ಅಷ್ಟೇ ಲಿಫ್ಟ್ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಾಲ್ಕು ಅಂಗುಲದ ಕಿಟ್‌ಗಳು ನೋಡಲು ಗಂಭೀರವಾಗಿರುತ್ತವೆ ನಿಜ, ಆದರೆ ಗಾಡಿಯ ಗುರುತ್ವಕೇಂದ್ರವನ್ನೂ ಅವು ಅಷ್ಟೇ ಮೇಲಕ್ಕೆ ಒಯ್ಯುತ್ತವೆ. ಒಂದು ಬದಿ ಪಾತಾಳವಿರುವ, ಓರೆಯಾಗಿ ವಾಲಿದ ಬೆಟ್ಟದ ದಾರಿಯಲ್ಲಿ ಅದು ಯಾರಿಗೂ ಬೇಡವಾದ ಗುಣ. ಎರಡೂವರೆ ಅಂಗುಲಕ್ಕೆ ನಾನು ನಿಂತುಬಿಟ್ಟೆ.

ಕೆಲಸ ನಡೆದದ್ದು ಸ್ನೇಹಿತರೊಬ್ಬರ ಗ್ಯಾರೇಜಿನಲ್ಲಿ. ಚಾಸಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲ್ಲಿನ ಕೆಳಗೆ ಜ್ಯಾಕ್ ಕೊಟ್ಟು, ಶಾಕ್ ಅಬ್ಸಾರ್ಬರ್, ಸ್ವೇ ಬಾರ್ ಲಿಂಕ್, ಟ್ರ್ಯಾಕ್ ಬಾರ್ ಮತ್ತು ಬ್ರೇಕ್ ಪೈಪಿನ ಹಿಡಿಕೆಗಳನ್ನು ಬಿಚ್ಚಿ ಜ್ಯಾಕನ್ನು ನಿಧಾನವಾಗಿ ಇಳಿಸಿದರೆ, ಹಳೆಯ ಕಾಯಿಲ್ ಸ್ಪ್ರಿಂಗ್ ತಾನಾಗಿಯೇ ಸಡಿಲಗೊಂಡು ಕೈಗೆ ಬರುತ್ತದೆ. ಹೊಸ ಸ್ಪ್ರಿಂಗ್ ಕೂರಿಸುವುದು ಕಷ್ಟದ ಕೆಲಸವಲ್ಲ. ಅದರ ನಂತರದ್ದೇ ನಿಜವಾದ ಕೆಲಸ, ಏಕೆಂದರೆ ಸ್ಪ್ರಿಂಗ್ ಉದ್ದವಾದ ಕೂಡಲೆ ಗಾಡಿಯ ಅಡಿಯಲ್ಲಿರುವ ಪ್ರತಿಯೊಂದು ಸರಳಿನ ಕೋನವೂ ಬದಲಾಗುತ್ತದೆ, ಮತ್ತು ಒಂದು ಕೋನವನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ.

ಮುಂದಿನ ಆಕ್ಸಲ್ಲಿನ ಕ್ಯಾಸ್ಟರ್ ಕೋನ, ಎಂದರೆ ಮುಂಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಅಳತೆ, ಇದಕ್ಕೆ ಒಳ್ಳೆಯ ಉದಾಹರಣೆ. ಸ್ಟಿಯರಿಂಗ್ ತಿರುಗಿಸಿ ಬಿಟ್ಟಾಗ ಚಕ್ರ ತಾನಾಗಿ ನೇರಕ್ಕೆ ಬರುವುದು ಈ ಕೋನದ ದೆಸೆಯಿಂದ. ಈ ಜೀಪಿನಲ್ಲಿ ಮೂಲದಲ್ಲಿ ಅದು ನಾಲ್ಕು ಡಿಗ್ರಿಗೆ ತುಸು ಮೇಲಿರುತ್ತದೆ. ಗಾಡಿ ಎತ್ತರವಾದಾಗ, ಆಕ್ಸಲ್ಲನ್ನು ಚಾಸಿಗೆ ಕೂಡಿಸುವ ಕಂಟ್ರೋಲ್ ಆರ್ಮ್‌ಗಳು ಕೆಳಮುಖವಾಗಿ ವಾಲಿ ಆಕ್ಸಲ್ಲನ್ನು ತಿರುಚುವುದರಿಂದ ಕ್ಯಾಸ್ಟರ್ ಕುಗ್ಗುತ್ತದೆ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯತೊಡಗುತ್ತದೆ. ಕೆಳಗಿನ ಕಂಟ್ರೋಲ್ ಆರ್ಮ್‌ಗಳ ಬದಲಿಗೆ ಉದ್ದ ಹೊಂದಿಸಬಲ್ಲ ಆರ್ಮ್‌ಗಳನ್ನು ಹಾಕಿ, ಆಕ್ಸಲ್ಲಿನ ಕೆಳಭಾಗವನ್ನು ಮುಂದಕ್ಕೆ ತಳ್ಳಿದರೆ ಕ್ಯಾಸ್ಟರ್ ಮರಳಿ ಬರುತ್ತದೆ. ಆದರೆ ಅದೇ ತಿರುವಿಗೆ ಡಿಫರೆನ್ಷಿಯಲ್ಲಿನ ಮೂತಿ ಕೆಳಗೆ ಬಾಗಿ, ಅದಕ್ಕೆ ಎಂಜಿನ್ನಿನ ಶಕ್ತಿ ತಂದುಕೊಡುವ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೀಲಿನ ಮೇಲೆ ಕೋನ ಹೆಚ್ಚಾಗುತ್ತದೆ. ಒಂದು ಕಡೆ ಸ್ಟಿಯರಿಂಗ್, ಇನ್ನೊಂದು ಕಡೆ ಶಾಫ್ಟ್. ಎರಡಕ್ಕೂ ಸಲ್ಲುವ ನಡುವಿನ ಜಾಗ ಬಹಳ ಕಿರಿದು, ಲಿಫ್ಟ್ ಹೆಚ್ಚಿದಷ್ಟೂ ಅದು ಇನ್ನಷ್ಟು ಕಿರಿದಾಗುತ್ತದೆ. ಎರಡೂವರೆ ಅಂಗುಲದಲ್ಲಿ ಆ ಜಾಗ ಇನ್ನೂ ಉಳಿದಿರುತ್ತದೆ ಎಂಬುದು ನನ್ನ ಆಯ್ಕೆಗೆ ಇನ್ನೊಂದು ಕಾರಣ.

ಕಂಟ್ರೋಲ್ ಆರ್ಮ್‌ಗಳ ಬೋಲ್ಟು ಬಿಗಿಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅವಸರದಲ್ಲಿ ಬಿಟ್ಟುಹೋಗುವ ಸಂಗತಿ ಇದು. ಆರ್ಮಿನ ತುದಿಯಲ್ಲಿ ರಬ್ಬರಿನ ಬುಷ್ ಇರುತ್ತದೆ, ಅದರ ನಡುವೆ ಉಕ್ಕಿನ ಕೊಳವೆ, ಕೊಳವೆಯ ಮೂಲಕ ಬೋಲ್ಟು. ಬೋಲ್ಟು ಬಿಗಿದಾಗ ಕೊಳವೆ ಬ್ರ್ಯಾಕೆಟ್ಟಿಗೆ ಕಚ್ಚಿಕೊಂಡು ನಿಶ್ಚಲವಾಗುತ್ತದೆ, ಆಮೇಲೆ ಆರ್ಮ್ ಆಡುವುದು ರಬ್ಬರಿನ ತಿರುಚುವಿಕೆಯಿಂದ ಮಾತ್ರ. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಆ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ನಿಂತು, ಬಹುಬೇಗ ಹರಿದುಹೋಗುತ್ತದೆ. ಆದ್ದರಿಂದ ಎಲ್ಲ ಬೋಲ್ಟುಗಳನ್ನು ಕೈಯಷ್ಟಕ್ಕೆ ಬಿಗಿದು, ಗಾಡಿಯನ್ನು ಅದರ ಕಾಲ ಮೇಲೆ ಇಳಿಸಿ, ಹಿಂದೆ ಮುಂದೆ ಸ್ವಲ್ಪ ಉರುಳಿಸಿ, ಬಾನೆಟ್ಟನ್ನು ಒತ್ತಿ ಕುಲುಕಿಸಿ ಸ್ಪ್ರಿಂಗುಗಳನ್ನು ಕೂರಿಸಿದ ಮೇಲೆ, ಅಂಗಾತ ಮಲಗಿ ಒಂದೊಂದನ್ನೇ, ಬೇಕಾದ ಬಿಗಿತ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚಿನಿಂದ 125 ಫುಟ್-ಪೌಂಡಿಗೆ ಬಿಗಿದೆ. ರೆಂಚ್ 'ಟಕ್' ಎಂದ ಮೇಲೆ ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿನವರೆಗೆ ಬಿಳಿಯ ಬಣ್ಣದ ಗೆರೆ ಎಳೆದೆ. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಆ ಗೆರೆ ಮುರಿದು ಕಾಣಿಸುತ್ತದೆ.

ಟ್ರ್ಯಾಕ್ ಬಾರ್ ಎಂಬುದು ಚಾಸಿಯ ಒಂದು ಬದಿಯಿಂದ ಆಕ್ಸಲ್ಲಿನ ಇನ್ನೊಂದು ಬದಿಗೆ ಅಡ್ಡಲಾಗಿ ಹೋಗುವ ಸರಳು. ಗಾಡಿ ಮೇಲೆದ್ದಾಗ ಅದು ಹೆಚ್ಚು ಓರೆಯಾಗಿ, ಮುಂದಿನ ಆಕ್ಸಲ್ಲನ್ನು ಚಾಲಕನ ಕಡೆಗೆ ಎಳೆದುಕೊಳ್ಳುತ್ತದೆ. ಚಾಸಿಯಿಂದ ತೂಗುಗುಂಡಿನ ದಾರ ಬಿಟ್ಟು ಎರಡೂ ಚಕ್ರಗಳಿಗೆ ಇರುವ ಅಂತರವನ್ನು ಅಳೆದು, ಉದ್ದ ಹೊಂದಿಸಬಲ್ಲ ಹೊಸ ಟ್ರ್ಯಾಕ್ ಬಾರ್ ಹಾಕಿ ಆಕ್ಸಲ್ಲನ್ನು ನಡುವಿಗೆ ತಂದದ್ದಾಯಿತು. ಈ ಸರಳಿನ ಬೋಲ್ಟು ಸಡಿಲವಿದ್ದರೆ, ಹೆದ್ದಾರಿಯಲ್ಲಿ ಒಂದು ಸಣ್ಣ ಗುಂಡಿಗೆ ತಾಗಿದ ಮಾತ್ರಕ್ಕೆ ಮುಂಚಕ್ರಗಳು ಎಡಬಲಕ್ಕೆ ಭೀಕರವಾಗಿ ಅದುರತೊಡಗುವ, ಇಲ್ಲಿನ ಜೀಪಿನವರು 'ಡೆತ್ ವಾಬಲ್' ಎಂದು ಕರೆಯುವ ಸ್ಥಿತಿ ಬರಬಹುದು. ಆದ್ದರಿಂದ ಅದನ್ನು ಎರಡು ಸಲ ಪರೀಕ್ಷಿಸಿದೆ. ಸ್ಟಿಯರಿಂಗನ್ನು ಮುಂಚಕ್ರಕ್ಕೆ ಕೂಡಿಸುವ ಡ್ರ್ಯಾಗ್ ಲಿಂಕ್ ಎಂಬ ಸರಳಿನ ಉದ್ದವನ್ನು ಹೊಂದಿಸಿ ಸ್ಟಿಯರಿಂಗ್ ಚಕ್ರವನ್ನು ನೇರ ಮಾಡುವುದನ್ನು ಗ್ಯಾರೇಜಿನಿಂದ ಹೊರಡುವ ಮೊದಲೇ ಮುಗಿಸಬೇಕು. ನೇರ ದಾರಿಯಲ್ಲಿ ಸ್ಟಿಯರಿಂಗ್ ಓರೆಯಿದ್ದರೆ, ಗಾಡಿಯ ಕಂಪ್ಯೂಟರು ಅದನ್ನು ಜಾರುವಿಕೆ ಎಂದು ತಿಳಿದು, ತಾನಾಗಿ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕುವ ಸಾಧ್ಯತೆ ಇದೆ.

ಉಳಿದವು ಸಣ್ಣ ಕೆಲಸಗಳು. ಆಕ್ಸಲ್ ಮೇಲೆದ್ದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪುಗಳನ್ನು ಎತ್ತರಿಸಿ, ಬ್ರೇಕ್ ಪೈಪುಗಳಿಗೆ ಉದ್ದ ಕೊಟ್ಟು, ಹೆಡ್‌ಲೈಟುಗಳನ್ನು ಕೆಳಕ್ಕೆ ಬಾಗಿಸಿದ್ದಾಯಿತು. ದೊಡ್ಡ ಟೈರಿನಿಂದಾಗಿ ಸ್ಪೀಡೊಮೀಟರ್ 60 ತೋರಿಸುವಾಗ ನಿಜವಾದ ವೇಗ 64 ಮೈಲಿ ದಾಟಿರುತ್ತದೆಯಾದ್ದರಿಂದ, ಕಂಪ್ಯೂಟರಿಗೆ ಹೊಸ ಟೈರಿನ ಅಳತೆಯನ್ನು ತಿಳಿಸಿದೆ. ವೃತ್ತಿಪರ ಅಂಗಡಿಯೊಂದರಲ್ಲಿ ಅಲೈನ್‌ಮೆಂಟ್ ಮಾಡಿಸಿದೆ. ಭಾರವಾದ ಉಕ್ಕಿನ ಬಂಪರ್, ಛಾವಣಿಯ ಮೇಲಿನ ಗುಡಾರ, ಲೈಟುಗಳ ಸಾಲು ಇವಾವನ್ನೂ ಹಾಕಿಸಲಿಲ್ಲ. ಎಳೆದರೆ ಹಿಗ್ಗುವ ಹಗ್ಗ, ಅದನ್ನು ಸಿಕ್ಕಿಸುವ ಶ್ಯಾಕಲ್ ಎಂಬ ಕೊಂಡಿ, ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಟೈರಿನ ತೂತು ಮುಚ್ಚುವ ಸಾಮಾನು, ನೀರು, ಬೆಚ್ಚನೆಯ ಬಟ್ಟೆ, ಕಾಗದದ ನಕ್ಷೆ, ಇಷ್ಟು ನನ್ನ ಹೊರೆ.

ಮೊದಲ ಪರೀಕ್ಷೆಗೆ ಆಯ್ದುಕೊಂಡದ್ದು ಲೇಕ್ ಸಿಟಿ, ಸಿಲ್ವರ್ಟನ್ ಮತ್ತು ಯೂರೇ ಊರುಗಳ ನಡುವೆ ಸುಮಾರು 65 ಮೈಲಿ ಸುತ್ತುವ ಆಲ್ಪೈನ್ ಲೂಪ್. ಲೇಕ್ ಸಿಟಿಯಿಂದ ಹೆನ್ಸನ್ ತೊರೆಯ ಪಕ್ಕದಲ್ಲಿ ಏರುತ್ತಾ ಹೋದರೆ, ಸುಮಾರು 12,800 ಅಡಿಯ ಎಂಜಿನಿಯರ್ ಪಾಸ್ ಬರುತ್ತದೆ. ಮರಗಳು ಕುಳ್ಳಾಗುತ್ತಾ ಹೋಗಿ, ಒಂದೆಡೆ ಪೂರ್ತಿ ನಿಂತೇಬಿಟ್ಟು, ಆಚೆ ಬರೀ ಹುಲ್ಲು, ಕಲ್ಲು, ಆಕಾಶ. ಜುಲೈ ತಿಂಗಳಾದ್ದರಿಂದ ಕೊಲೊರಾಡೊದ ರಾಜ್ಯಪುಷ್ಪವಾದ ನೀಲಿ-ಬಿಳಿ ಕೊಲಂಬೈನ್ ಹೂವು ದಾರಿಯ ಪಕ್ಕದ ಇಳಿಜಾರುಗಳಲ್ಲಿ ಅರಳಿತ್ತು, ಮಾರ್ಮಟ್ ಎಂಬ ದಪ್ಪ ಅಳಿಲಿನ ಜಾತಿಯ ಪ್ರಾಣಿಗಳು ಬಂಡೆಗಳ ಮೇಲಿಂದ ಸಿಳ್ಳೆ ಹಾಕುತ್ತಿದ್ದವು. ಪಾಸ್ ಇಳಿದ ಮೇಲೆ ಅನಿಮಸ್ ಫೋರ್ಕ್ಸ್ ಎಂಬ ಪಾಳುಬಿದ್ದ ಗಣಿ ಊರು. 11,200 ಅಡಿ ಎತ್ತರದ ಆ ಜಾಗದಲ್ಲಿ 1879ರಲ್ಲಿ ಕಟ್ಟಿದ, ಹೊರಚಾಚಿದ ಕಿಟಕಿಯ ಮರದ ಮನೆಯೊಂದು ಇಂದಿಗೂ ನಿಂತಿದೆ. ಸಿನಮನ್ ಪಾಸ್ ದಾಟಿ, ಸುಮಾರು ಏಳುನೂರು ವರ್ಷಗಳ ಹಿಂದೆ ಬೆಟ್ಟವೇ ಕುಸಿದು ನದಿಗೆ ಅಡ್ಡಬಿದ್ದು ಉಂಟಾದ ಸಾನ್ ಕ್ರಿಸ್ಟೋಬಲ್ ಸರೋವರದ ಬದಿಯಲ್ಲಿ ಮರಳಿ ಬಂದೆವು. ಗಾಡಿ ಎಲ್ಲಿಯೂ ತಡವರಿಸಲಿಲ್ಲ.

ಇಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ, ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 285 ಅಶ್ವಶಕ್ತಿ ಕೊಡುವ ಎಂಜಿನ್ ಇಲ್ಲಿ ಏದುಸಿರು ಬಿಡುತ್ತದೆ. ಆಗ ನೆರವಿಗೆ ಬರುವುದು ಗಿಯರು. ಈ ಜೀಪಿನ ಗಿಯರುಗಳ ಅನುಪಾತ ಹೀಗಿದೆ: ಮೊದಲ ಗಿಯರು 4.46, ಲೋ ರೇಂಜ್ 4, ಆಕ್ಸಲ್ 4.10, ಮೂರನ್ನೂ ಗುಣಿಸಿದರೆ ಎಂಜಿನ್ 73 ಸುತ್ತು ತಿರುಗುವಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ದೊಡ್ಡ ಟೈರು ಅದರಲ್ಲಿ ಸ್ವಲ್ಪ ಕಳೆಯುತ್ತದೆ, ಆದರೂ ಧಾರಾಳವಾಗಿ ಉಳಿಯುತ್ತದೆ. ನಮ್ಮ ಕೊಡಚಾದ್ರಿಯ ಕೊರಕಲು ದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಏರುವ ಜೀಪಿನ ಚಾಲಕರು, ಕ್ಲಚ್ಚಿನಿಂದ ಕಾಲು ತೆಗೆದು, ಮೊದಲ ಗಿಯರಿನಲ್ಲಿ ಎಂಜಿನ್ನನ್ನೇ ನಂಬಿ ಏರಿಳಿಯುವುದನ್ನು ಹುಡುಗನಾಗಿದ್ದಾಗ ಪಕ್ಕದಲ್ಲಿ ಕುಳಿತು ನೋಡಿದ್ದೆ. ಇಲ್ಲಿ ಬೇಕಾದ ವಿದ್ಯೆಯೂ ಅದೇ. ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದು ಕಾದು ಕೈಕೊಡುತ್ತದೆ. ಲೋ ರೇಂಜಿನ ಮೊದಲ ಗಿಯರಿನಲ್ಲಿ ಗಾಡಿ ನಡೆಯುವ ಮನುಷ್ಯನ ವೇಗದಲ್ಲಿ ತಾನಾಗಿಯೇ ತಡೆದುಕೊಂಡು ಇಳಿಯುತ್ತದೆ.

ಇಮೋಜಿನ್ ಹತ್ತಿದ್ದು ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ. ಬೇಸಿಗೆಯ ನಡುವೆ ಮಧ್ಯಾಹ್ನವಾದರೆ ಸಾಕು, ಈ ಶಿಖರಗಳ ಮೇಲೆ ಗುಡುಗು ಸಿಡಿಲಿನ ಮಳೆ ಕವಿಯುತ್ತದೆ. ಮರವೇ ಇಲ್ಲದ ಬಯಲಿನಲ್ಲಿ ಆ ಹೊತ್ತಿಗೆ ಇರಬಾರದು. ಯೂರೇ ಊರು ಇರುವುದು 7,792 ಅಡಿಯಲ್ಲಿ. ಊರಿಗೆ ಹೆಸರು ಕೊಟ್ಟವರು ಯೂಟ್ ಜನಾಂಗದ ನಾಯಕ ಯೂರೇ. 1873ರ ಬ್ರೂನೋ ಒಪ್ಪಂದದ ಮೂಲಕ ಈ ಗಣಿ ಬೆಟ್ಟಗಳು ಆ ಜನರ ಕೈತಪ್ಪಿದವು ಎಂಬುದನ್ನು ಈ ನೋಟವನ್ನು ಸವಿಯುವವರು ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ. ಕಚ್ಚಾ ದಾರಿ ಶುರುವಾಗುವಲ್ಲಿ ನಿಲ್ಲಿಸಿ ಟೈರುಗಳ ಗಾಳಿಯನ್ನು 35ರಿಂದ 18 ಪೌಂಡಿಗೆ ಇಳಿಸಿದೆ. ಗಾಳಿ ಇಳಿದ ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಉದ್ದವಾಗಿ ನೆಲಕ್ಕೆ ಒರಗುತ್ತದೆ, ಚೂಪುಗಲ್ಲಿನ ಸುತ್ತ ಬಾಗಿಕೊಳ್ಳುತ್ತದೆ, ಒಳಗಿರುವವರ ಬೆನ್ನಿಗೂ ಹಿತ. ಸುತ್ತಲಿನ ವಾಯುಭಾರ ಮೇಲೇರಿದಂತೆ ಕಡಿಮೆಯಾಗುವುದರಿಂದ, ಯೂರೇಯಲ್ಲಿ 18 ಇದ್ದದ್ದು ಶಿಖರದಲ್ಲಿ ಅಳೆದಾಗ ಸುಮಾರು ಎರಡು ಪೌಂಡ್ ಹೆಚ್ಚು ತೋರಿಸಿತು.

ಥಾಮಸ್ ವಾಲ್ಷ್ 1896ರಲ್ಲಿ ಚಿನ್ನ ಪತ್ತೆ ಮಾಡಿ ಶ್ರೀಮಂತನಾದ ಕ್ಯಾಂಪ್ ಬರ್ಡ್ ಗಣಿಯ ಬಳಿಯಿಂದ ದಾರಿ ಕಾಡಿನೊಳಗೆ ನುಗ್ಗಿ, ತೊರೆಯೊಂದನ್ನು ದಾಟಿ, ಮೇಲೆ ಮೇಲೆ ಹೋದಂತೆ ಕಲ್ಲುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ನಾನು ಎದುರು ನೋಡುತ್ತಿದ್ದ ಬಂಡೆಯ ಮೆಟ್ಟಿಲುಗಳು ಬಂದಾಗ ಇಳಿದು ನಡೆದು ನೋಡಿದೆ. ಎಡಗಡೆಯ ಕಲ್ಲು ಮೊಣಕಾಲೆತ್ತರ, ಬಲಗಡೆಯದು ಅದರ ಅರ್ಧ, ನಡುವೆ ನೀರು ಕೊರೆದ ಸೀಳು. ಸ್ವೇ ಬಾರ್ ಬೇರ್ಪಡಿಸಿ, ಹಿಂದಿನ ಲಾಕರ್ ಹಾಕಿ, ಎಡಗಡೆಯ ಟೈರನ್ನು ಬೇಕೆಂದೇ ಎತ್ತರದ ಕಲ್ಲಿನ ಮೇಲಿಟ್ಟೆ; ಕಲ್ಲನ್ನು ಟೈರು ತುಳಿದರೆ ಡಿಫರೆನ್ಷಿಯಲ್ ಅದರ ಮೇಲಿಂದ ಹಾಯುತ್ತದೆ, ಕಲ್ಲನ್ನು ನಡುವೆ ಬಿಟ್ಟುಕೊಂಡರೆ ಅದೇ ಡಿಫರೆನ್ಷಿಯಲ್ಲಿಗೆ ಹೊಡೆಯುತ್ತದೆ. ಎಡ ಮುಂಚಕ್ರ ಗೂಡಿನೊಳಗೆ ಪೂರ್ತಿ ಅಡಗಿ, ಬಲ ಮುಂಚಕ್ರ ಕೆಳಗೆ ಚಾಚಿ ನೆಲ ಹಿಡಿಯಿತು. ಟೈರು ಎಲ್ಲಿಯೂ ಉಜ್ಜಲಿಲ್ಲ. ಹೊಟ್ಟೆಯ ಭಾಗ ಅಂಚನ್ನು ದಾಟುವಾಗ ಹೊರಗೆ ನಿಂತು ಬಗ್ಗಿ ನೋಡುತ್ತಿದ್ದ ನನ್ನ ಹೆಂಡತಿ, ಎರಡು ಬೆರಳು ತೋರಿಸಿ ಅಷ್ಟೇ ಅಂತರ ಉಳಿದಿದೆ ಎಂದು ಸನ್ನೆ ಮಾಡಿದಳು. ಲಿಫ್ಟ್ ಕೊಟ್ಟ ಎತ್ತರ ಅಲ್ಲಿ ಖರ್ಚಾಯಿತು.

ಶಿಖರದ ಬಳಿ 1904ರಲ್ಲಿ ಕಟ್ಟಿದ ಫೋರ್ಟ್ ಪೀಬಡಿ ಎಂಬ ಸಣ್ಣ ಕಾವಲು ಠಾಣೆಯ ಅವಶೇಷವಿದೆ. ಶತ್ರು ದೇಶದವರನ್ನಲ್ಲ, ಗಡೀಪಾರಾದ ಗಣಿ ಕಾರ್ಮಿಕ ಸಂಘದವರು ಟೆಲ್ಯುರೈಡಿಗೆ ಮರಳದಂತೆ ತಡೆಯಲು ರಾಜ್ಯದ ನ್ಯಾಷನಲ್ ಗಾರ್ಡ್ ಅದನ್ನು ಕಟ್ಟಿತ್ತು. ಬೇಸಿಗೆಯಲ್ಲೂ ಹಲ್ಲು ಕಟಕಟಿಸುವ ಆ ಗಾಳಿಯಲ್ಲಿ ನಿಂತು ನೋಡಿದರೆ, ಒಂದರ ಹಿಂದೊಂದು ಕೆಂಪು, ಬೂದು, ಹಳದಿ ಬಣ್ಣದ ಬೆಟ್ಟಸಾಲುಗಳು. ಆ ಬಣ್ಣ ಬಂದಿರುವುದು ಅದಿರಿನ ಜೊತೆಯಲ್ಲಿರುವ ಕಬ್ಬಿಣ ತುಕ್ಕು ಹಿಡಿದದ್ದರಿಂದ. ಟೆಲ್ಯುರೈಡ್ ಕಡೆಯ ಇಳಿಜಾರಿನಲ್ಲಿ ಟಾಮ್‌ಬಾಯ್ ಗಣಿಯ ಊರಿನ ಮುರುಕು ಗೋಡೆಗಳು, ತುಕ್ಕು ಹಿಡಿದ ಯಂತ್ರಗಳು ಬಿದ್ದಿವೆ. ಅಲ್ಲಿಂದ ಕೆಳಗೆ ದಾರಿ ಬೆಟ್ಟದ ಪಕ್ಕೆಯಲ್ಲಿ ಒಂದೇ ಗಾಡಿಯಷ್ಟು ಅಗಲ. ಏರುವವರಿಗೆ ಮೊದಲ ಹಕ್ಕು ಎಂಬ ನಿಯಮವಿರುವುದರಿಂದ, ಎದುರಿಗೆ ಮೂರು ಗಾಡಿಗಳ ಸಾಲು ಬಂದಾಗ ನಾನು ಹಿಂದಕ್ಕೆ ಏರಿ ಅಗಲದ ಜಾಗದಲ್ಲಿ ನಿಂತೆ. ಲೋ ರೇಂಜಿನ ರಿವರ್ಸ್ ಗಿಯರಿನಲ್ಲಿ ಅದು ಆತಂಕದ ಕೆಲಸವಾಗಿರಲಿಲ್ಲ. ಅವರಿಗೆ ಜಾಗ ಬಿಡಲೆಂದು ಹುಲ್ಲಿನ ಮೇಲೆ ಚಕ್ರ ಹತ್ತಿಸುವುದು ಸುಲಭವಿತ್ತು, ಆದರೆ ಮರದ ಗಡಿಯ ಮೇಲಿನ ಈ ಹುಲ್ಲು ವರ್ಷದಲ್ಲಿ ಕೆಲವೇ ವಾರ ಬೆಳೆಯುತ್ತದೆ. ಒಂದು ಚಕ್ರದ ಗುರುತು ಮಾಯಲು ದಶಕಗಳು ಬೇಕು. ದಾರಿ ಬಿಟ್ಟು ಗಾಡಿ ಇಳಿಸುವುದು ಇಲ್ಲಿ ಕಾನೂನಿಗೂ ವಿರುದ್ಧ.

ಮನೆಗೆ ಮರಳಿದ ವಾರ ಗಾಡಿಯ ಅಡಿಗೆ ಮಲಗಿ ಬಿಳಿಯ ಗೆರೆಗಳನ್ನು ಒಂದೊಂದಾಗಿ ನೋಡಿದೆ. ಹಿಂದಿನ ಕೆಳಗಿನ ಆರ್ಮಿನ ಒಂದು ಬೋಲ್ಟಿನಲ್ಲಿ ಮಾತ್ರ ಗೆರೆ ಕೂದಲೆಳೆಯಷ್ಟು ಮುರಿದಿತ್ತು. ಅದನ್ನು ಬಿಗಿದು ಹೊಸ ಗೆರೆ ಎಳೆದೆ. ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕವಚದಲ್ಲಿ ಬಿರುಕು ಇರಲಿಲ್ಲ. ಏರ್ ಫಿಲ್ಟರಿನಿಂದ ಒಂದು ಹಿಡಿ ಧೂಳು ಹೊರಬಿತ್ತು. ದೊಡ್ಡ ಟೈರಿಗೆ ತಕ್ಕಂತೆ ಆಕ್ಸಲ್ ಗಿಯರನ್ನು 4.10ರಿಂದ 4.88ಕ್ಕೆ ಬದಲಿಸುವಂತೆ ಹಲವರು ಸಲಹೆ ಕೊಟ್ಟಿದ್ದಾರೆ. ಅದರ ಕೊರತೆ ಬೆಟ್ಟದ ಮೇಲೆ ನನಗೆ ಕಾಣಲಿಲ್ಲ. 11,312 ಅಡಿಯ ಮೊನಾರ್ಕ್ ಪಾಸನ್ನು ಹೆದ್ದಾರಿಯಲ್ಲಿ ಏರುವಾಗ ಐದನೇ ಗಿಯರು ಹಿಡಿಯದೆ ನಾಲ್ಕಕ್ಕೆ, ಕೆಲವೊಮ್ಮೆ ಮೂರಕ್ಕೆ ಇಳಿಯಬೇಕಾದಲ್ಲಿ ಮಾತ್ರ ಕಂಡಿತು. ಎರಡೂ ಆಕ್ಸಲ್ಲುಗಳನ್ನು ಬಿಚ್ಚಿ ಗಿಯರು ಕೂರಿಸುವುದು ಮನೆಯ ಗ್ಯಾರೇಜಿನಲ್ಲಿ ನಾನು ಮಾಡಬಲ್ಲ ಕೆಲಸವಲ್ಲ, ಅಗ್ಗವೂ ಅಲ್ಲ. ಆ ಹಣವನ್ನು ಸದ್ಯಕ್ಕೆ, ಎಂಜಿನ್ನಿನ ಶಕ್ತಿಯನ್ನು ಎರಡೂ ಆಕ್ಸಲ್ಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಕೆಳಗಿನ ರಕ್ಷಣಾ ತಟ್ಟೆಗೆ ಎತ್ತಿಟ್ಟಿದ್ದೇನೆ. ಎರಡು ಬೆರಳಿನ ಅಂತರ ಉಳಿದ ಜಾಗ ಅದು.